ಮನೆಯಲ್ಲಿ ಕಟ್ಟಿದ ವಿಮಾನದ ತೂಕದ ಲೆಕ್ಕ

ಕಾಸರಗೋಡಿನ ಜನರಿಗೆ ವಿಮಾನ, ತೂಕ ಎರಡನ್ನೂ ಒಟ್ಟಿಗೆ ಹೇಳಿದರೆ ಮೊದಲು ನೆನಪಾಗುವುದು ಗಲ್ಫಿಗೆ ಹೊರಟವರ ಪೆಟ್ಟಿಗೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ಮನೆಯಲ್ಲೇ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ನೋಡಿ, ಹೆಚ್ಚಾದದ್ದನ್ನು ತೆಗೆದಿಟ್ಟು, ಮಂಗಳೂರಿಗೋ ಕಣ್ಣೂರಿಗೋ ಹೊರಡುವುದು ಇಲ್ಲಿ ಎಷ್ಟೋ ಮನೆಗಳ ರೂಢಿ. ಕೌಂಟರಿನಲ್ಲಿ ಆ ಪೆಟ್ಟಿಗೆ ಪಟ್ಟಿಯ ಮೇಲೆ ಸರಿದು ಮರೆಯಾದ ಮೇಲೆ ಅದರ ತೂಕ ಇನ್ನೊಂದು ಲೆಕ್ಕಕ್ಕೆ ಸೇರುತ್ತದೆ. ಮುಂದಿನ ಸರಕು ಕೋಣೆಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಯಾವ ಭಾಗದಲ್ಲಿ ಎಷ್ಟು ಜನ, ಟ್ಯಾಂಕಿನಲ್ಲಿ ಇಂಧನ ಎಷ್ಟು ಎಂದು ಕೂಡಿಸಿ ಬರೆದ ಲೋಡ್ ಶೀಟನ್ನು ಕ್ಯಾಪ್ಟನ್ ಒಪ್ಪದೆ ವಿಮಾನ ಜಾಗ ಬಿಟ್ಟು ಕದಲುವುದಿಲ್ಲ.

ಅಂಗಳದಲ್ಲೋ ಶೆಡ್ಡಿನಲ್ಲೋ ಒಬ್ಬರು ಸ್ವಂತವಾಗಿ ಕಟ್ಟಿದ ಪುಟ್ಟ ವಿಮಾನಕ್ಕೂ ಅದೇ ಹಾಳೆ ಬೇಕು. ವ್ಯತ್ಯಾಸವೆಂದರೆ ಇಲ್ಲಿ ಅದನ್ನು ಬರೆದುಕೊಡುವ ಕಂಪೆನಿ ಇಲ್ಲ. ಕಟ್ಟಿದವರೇ ತೂಗಬೇಕು, ಅಳೆಯಬೇಕು, ಗುಣಿಸಿ ಭಾಗಿಸಬೇಕು, ಬಂದ ಉತ್ತರವನ್ನು ನಂಬಿ ಅವರೇ ಹಾರಬೇಕು. ಸ್ವಂತ ವಿಮಾನ ಕಟ್ಟಿದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದಾಗ ಎಂಜಿನ್ ಯಾವುದು, ಖರ್ಚು ಎಷ್ಟು, ಎಷ್ಟು ವರ್ಷ ಹಿಡಿಯಿತು ಎಂಬುದೆಲ್ಲ ಇರುತ್ತದೆ. ಖಾಲಿ ತೂಕ ಎಷ್ಟು, ಗುರುತ್ವ ಕೇಂದ್ರ ಎಲ್ಲಿ ಬಿತ್ತು ಎಂಬುದು ಇರುವುದಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ. ಇದು ಜೀವಕ್ಕೆ ಸಂಬಂಧಿಸಿದ ಮಾತು. 2021ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ತಾನೇ ಕಟ್ಟಿದ ಹೆಲಿಕಾಪ್ಟರನ್ನು ನೆಲದ ಮೇಲೆ ಪರೀಕ್ಷಿಸುತ್ತಿದ್ದ 24 ವರ್ಷದ ಯುವಕನೊಬ್ಬ ರೋಟರ್ ಬಡಿದು ತೀರಿಕೊಂಡ. ಅಲ್ಲಿ ತಪ್ಪಿದ್ದು ತೂಕವಲ್ಲ. ಆದರೆ ಉತ್ಸಾಹದ ಬೆನ್ನಿಗೆ ಲೆಕ್ಕ ಮತ್ತು ತಪಾಸಣೆಯ ಶಿಸ್ತು ಇರಲೇಬೇಕೆಂದು ಆ ಸಾವು ಹೇಳುತ್ತದೆ. 2010ರ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ 158 ಜನ ತೀರಿಕೊಂಡ ವಿಮಾನ ದುರಂತದಲ್ಲಿ ಕಾಸರಗೋಡು ಜಿಲ್ಲೆಯ ಎಷ್ಟೋ ಮನೆಗಳು ತಮ್ಮವರನ್ನು ಕಳೆದುಕೊಂಡಿವೆ. ಆದ್ದರಿಂದ ವಿಮಾನದ ಸುರಕ್ಷತೆ ಇಲ್ಲಿ ದೂರದ ವಿಷಯವೇನೂ ಅಲ್ಲ.

ಸ್ವಂತ ವಿಮಾನ ಕಟ್ಟಿದವರು ನಮ್ಮ ಸುತ್ತಮುತ್ತ ಇದ್ದಾರೆ. ಇಡುಕ್ಕಿ ಜಿಲ್ಲೆಯ ತೊಡುಪುಳದ, ಮಾತು ಬಾರದ, ಕಿವಿ ಕೇಳದ ಸಜಿ ಥಾಮಸ್ ಎರಡು ಸೀಟಿನ ಅಲ್ಟ್ರಾಲೈಟ್ ಕಟ್ಟಿದರು. ಅವರ ಬದುಕಿನಿಂದ ಪ್ರೇರಿತವಾದ ‘ವಿಮಾನಂ’ ಸಿನಿಮಾ 2017ರಲ್ಲಿ ಬಂತು, ಕಾಸರಗೋಡಿನಲ್ಲೂ ಜನ ನೋಡಿದರು. ಆಲಪ್ಪುಳದ ಅಶೋಕ್ ತಾಮರಾಕ್ಷನ್ ಇಂಗ್ಲೆಂಡಿನಲ್ಲಿದ್ದು, ಲಾಕ್‌ಡೌನ್ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಸ್ಲಿಂಗ್ ಕಂಪೆನಿಯ ಕಿಟ್ ತರಿಸಿ ನಾಲ್ಕು ಸೀಟಿನ ವಿಮಾನ ಜೋಡಿಸಿದರು. ಮುಂಬೈಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಕಟ್ಟಡವೊಂದರ ತಾರಸಿಯಲ್ಲಿ ಆರು ಸೀಟಿನ ವಿಮಾನ ಕಟ್ಟಿ 2017ರಲ್ಲಿ ಅದಕ್ಕೆ ನೋಂದಣಿ ಪಡೆದರು. ಈ ಮೂವರ ದಾರಿ ಬೇರೆ ಬೇರೆ. ಕಿಟ್ ತಂದವರಿಗೆ ತಯಾರಕರು ಗುರುತ್ವ ಕೇಂದ್ರದ ಮಿತಿಗಳನ್ನು ಕೊಟ್ಟಿರುತ್ತಾರೆ, ಅದರೊಳಗೆ ತಮ್ಮ ವಿಮಾನ ಬರುವಂತೆ ನೋಡಿಕೊಂಡರೆ ಆಯಿತು. ಸ್ವಂತ ವಿನ್ಯಾಸದವರು ಆ ಮಿತಿಗಳನ್ನೂ ತಾವೇ ಕಂಡುಹಿಡಿಯಬೇಕು. ಅದು ಹತ್ತು ಪಟ್ಟು ಕಷ್ಟದ ಕೆಲಸ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಸಾಕಷ್ಟು ಹಳೆಯ ಬೇರುಗಳಿವೆ. ಫ್ರಾನ್ಸಿನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಜೋಯೆಲ್ ಕೋಶ್ಲಾನ್ ಅವರ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪೆನಿಯ ಎಕ್ಸ್-ಏರ್ ವಿಮಾನಗಳು ಕಿಟ್ ರೂಪದಲ್ಲಿ ಯುರೋಪಿಗೆಲ್ಲ ಹೋದವು. ಅಲ್ಯುಮಿನಿಯಂ ಕೊಳವೆಯ ಚೌಕಟ್ಟು, ಮೇಲೆ ಬಟ್ಟೆ, ಅಕ್ಕಪಕ್ಕ ಎರಡು ಸೀಟು. ಇದೇ ವಿಮಾನಕ್ಕೆ ಕೆಲವರು ಎರಡು ಸ್ಟ್ರೋಕಿನ ರೋಟ್ಯಾಕ್ಸ್ ಹಾಕಿದರು, ಕೆಲವರು ಅದಕ್ಕಿಂತ ಭಾರದ ನಾಲ್ಕು ಸ್ಟ್ರೋಕಿನ ಜಬಿರು ಹಾಕಿದರು. ಮೂಗಿನಲ್ಲಿ ಎಂಜಿನ್ ಬದಲಾದ ಕೂಡಲೇ ಇಡೀ ವಿಮಾನದ ಲೆಕ್ಕ ಮೊದಲಿನಿಂದ ಮಾಡಬೇಕಾಗುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಅಮೆರಿಕದ ಬರ್ಟ್ ರುಟಾನ್ ಅವರ ಲಾಂಗ್-ಈಝಿ ಎಂಬ, ಹವ್ಯಾಸಿಗಳು ಮನೆಯಲ್ಲಿ ಕಟ್ಟಲೆಂದೇ ರೂಪಿಸಿದ ವಿನ್ಯಾಸವನ್ನು ಆಧರಿಸಿ ಕಾಂಪೊಸಿಟ್ ವಿಮಾನವೊಂದನ್ನು ಕಟ್ಟಿ ಹಾರಿಸಿತು. ಮುಂದೆ 1993ರಲ್ಲಿ ಹಾರಿದ, ಅದೇ ಸಂಸ್ಥೆಯ ಹಂಸ ವಿಮಾನಕ್ಕೆ ಆ ಅನುಭವ ಬುನಾದಿಯಾಯಿತು. ಲಾಂಗ್-ಈಝಿಯಲ್ಲಿ ಎಂಜಿನ್ ಹಿಂದೆ, ಪೈಲಟ್ ಮುಂದೆ. ಪೈಲಟ್ ಇಳಿದು ಹೋದರೆ ವಿಮಾನ ಹಿಂದಕ್ಕೆ ವಾಲಿ ಬೀಳುತ್ತದೆ. ಅದಕ್ಕೇ ಅದನ್ನು ನಿಲ್ಲಿಸುವಾಗ ಮುಂದಿನ ಚಕ್ರ ಮಡಚಿ ಮೂಗು ನೆಲಕ್ಕೆ ತಾಗಿಸಿ ಬಿಡುತ್ತಾರೆ. ಇಂಥ ವಿಮಾನಗಳಲ್ಲಿ ಮುಂದೆ ಕೂರುವವರಿಗೆ ಗರಿಷ್ಠ ತೂಕ ಮಾತ್ರವಲ್ಲ, ಕನಿಷ್ಠ ತೂಕವೂ ನಿಗದಿಯಾಗಿರುತ್ತದೆ.

ದೊಡ್ಡ ಸಂಸ್ಥೆಗಳೂ ತೂಕದ ಮುಂದೆ ತಲೆಬಾಗಿವೆ. ಎನ್‌ಎಎಲ್‌ನ ಸಾರಸ್ ವಿಮಾನದ ಮೊದಲ ಮಾದರಿ 2004ರ ಮೇ 29ರಂದು ಹಾರಿತು. ವಿನ್ಯಾಸದಲ್ಲಿ 4,125 ಕೆಜಿ ಎಂದಿದ್ದ ಖಾಲಿ ತೂಕ ಕಟ್ಟಿ ಮುಗಿಸಿದಾಗ 5,118 ಕೆಜಿ ಆಗಿತ್ತು. ನೂರಾರು ಪರಿಣತರು, ಸುಸಜ್ಜಿತ ಪ್ರಯೋಗಾಲಯ ಇರುವಲ್ಲಿಯೇ ಸಾವಿರ ಕೆಜಿಯ ಹತ್ತಿರ ಏರಿತೆಂದರೆ, ಒಬ್ಬಂಟಿಯಾಗಿ ಕಟ್ಟುವವರ ವಿಮಾನ ಅಂದಾಜಿಗಿಂತ ಇಪ್ಪತ್ತು ಮೂವತ್ತು ಕೆಜಿ ಏರುವುದರಲ್ಲಿ ಆಶ್ಚರ್ಯವಿಲ್ಲ. ಒಂದೊಂದು ಬೋಲ್ಟು ತುಸು ದಪ್ಪ, ಒಂದೊಂದು ಪದರ ರೆಸಿನ್ ತುಸು ಹೆಚ್ಚು, ‘ಇರಲಿ, ಗಟ್ಟಿ ಆಗುತ್ತದೆ’ ಎಂಬ ಸಮಾಧಾನ. ಹೀಗೆ ಕೂಡುತ್ತಾ ಹೋಗುತ್ತದೆ. ಕಟ್ಟಲು ತೊಡಗುವ ಮುನ್ನವೇ ಪ್ರತಿ ಭಾಗದ ಅಂದಾಜು ತೂಕದ ಪಟ್ಟಿ ಮಾಡಿ, ಭಾಗ ಸಿದ್ಧವಾದ ಹಾಗೆ ನಿಜವಾದ ತೂಕವನ್ನು ಅದರ ಪಕ್ಕದಲ್ಲಿ ಬರೆಯುತ್ತಾ ಬಂದವರು ಮಾತ್ರ ಈ ಏರಿಕೆಯನ್ನು ಸಕಾಲದಲ್ಲಿ ಕಾಣುತ್ತಾರೆ.

ಇಲ್ಲಿಯೇ ಇನ್ನೊಂದು ಮಾತು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳಿಂದ ಬಂದ ‘ವೈಮಾನಿಕ ಶಾಸ್ತ್ರ’ದ ಹೆಸರು ಸ್ವಂತ ವಿಮಾನದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೇಳಿಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು 1974ರಲ್ಲಿ ಅದನ್ನು ವಿಮರ್ಶಿಸಿ, ಅಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವು ಎಂದು ತೋರಿಸಿದರು. ಅಭಿಮಾನಕ್ಕಾಗಿ ಪುಸ್ತಕ ಹಿಡಿಯುವವರು ಆ ಐವರು ಕನ್ನಡ ನಾಡಿನ ಸಂಸ್ಥೆಯಲ್ಲಿ ಕೂತು ಮಾಡಿದ ಪ್ರಾಮಾಣಿಕ ಲೆಕ್ಕದ ಬಗ್ಗೆಯೂ ಅಭಿಮಾನ ಪಡಬೇಕು.

ಈಗ ಲೆಕ್ಕಕ್ಕೇ ಬರೋಣ. ಇದರ ತತ್ವ ಹೈಸ್ಕೂಲಿನ ಸನ್ನೆಯ ಪಾಠದಲ್ಲಿ ಇದೆ. ಅಡಕೆ ಕೊಯ್ಲಿಗೆ ಈಗ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯನ್ನು ಹೆಗಲ ಮೇಲೆ ಹೊತ್ತು ತೋಟದಲ್ಲಿ ನಡೆಯುವವರು ಅದು ಮುಂದಕ್ಕೂ ಹಿಂದಕ್ಕೂ ವಾಲದ ಒಂದು ಜಾಗವನ್ನು ತಾವಾಗಿ ಹುಡುಕಿಕೊಳ್ಳುತ್ತಾರೆ. ತುದಿಗೆ ಕತ್ತಿ ಕಟ್ಟಿದ ಕೂಡಲೇ ಆ ಜಾಗ ಮುಂದಕ್ಕೆ ಸರಿಯುತ್ತದೆ. ಕತ್ತಿಯ ತೂಕ ಅಲ್ಪ, ಆದರೆ ಅದು ಕೂತಿರುವುದು ಬಹಳ ದೂರದಲ್ಲಿ. ತೂಕವನ್ನು ದೂರದಿಂದ ಗುಣಿಸಿದರೆ ಸಿಗುವುದು ಮೊಮೆಂಟ್. ಎಲ್ಲ ಭಾಗಗಳ ಮೊಮೆಂಟ್ ಕೂಡಿಸಿ ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರದ ಜಾಗ, ಅಂದರೆ ವಿಮಾನ ಕಟ್ಟುವವರ ಮಾತಿನಲ್ಲಿ ‘ಸಿ.ಜಿ.’ ಸಿಗುತ್ತದೆ. ದೂರವನ್ನು ಎಲ್ಲಿಂದ ಅಳೆಯಬೇಕು ಎಂಬುದು ನಮ್ಮ ಇಚ್ಛೆ. ಮೂಗಿನ ತುದಿಯಿಂದ ಅಳೆಯಬಹುದು, ಎಂಜಿನ್ ಹಿಂದಿನ ಗೋಡೆಯಿಂದಲೂ ಅಳೆಯಬಹುದು. ಆ ಗುರುತಿಗೆ ಡೇಟಮ್ ಎನ್ನುತ್ತಾರೆ. ಒಮ್ಮೆ ಆರಿಸಿದ ಮೇಲೆ ಅದನ್ನು ಬದಲಿಸಬಾರದು ಎಂಬುದೊಂದೇ ನಿಯಮ.

ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ. ಅಕ್ಕಪಕ್ಕ ಎರಡು ಸೀಟಿನ, ಮೂಗಿನಲ್ಲಿ ಎಂಜಿನ್ ಇರುವ, ಮೂರು ಚಕ್ರದ ಪುಟ್ಟ ವಿಮಾನ. ಡೇಟಮ್ ಮೂಗಿನ ತುದಿ. ಅಲ್ಲಿಂದ ಮುಂದಿನ ಚಕ್ರ 700 ಮಿಮೀ, ಹಿಂದಿನ ಎರಡು ಚಕ್ರಗಳು 2,300 ಮಿಮೀ ದೂರದಲ್ಲಿವೆ. ರೆಕ್ಕೆಯ ಮುಂದಂಚು 1,700 ಮಿಮೀಯಲ್ಲಿ ಶುರುವಾಗುತ್ತದೆ, ರೆಕ್ಕೆಯ ಅಗಲ 1,400 ಮಿಮೀ. ಸಿ.ಜಿ. ಈ ಅಗಲದ ಶೇಕಡಾ 20ರಿಂದ 33ರ ನಡುವೆ, ಅಂದರೆ 1,980ರಿಂದ 2,162 ಮಿಮೀ ನಡುವೆ ಇರಬೇಕು ಎಂದು ವಿನ್ಯಾಸಕಾರರು ಹೇಳಿದ್ದಾರೆ ಎನ್ನೋಣ. ಇಡೀ ವಿಮಾನದ ಸುರಕ್ಷತೆ ಒಂದು ಗೇಣಿಗಿಂತ ಕಡಿಮೆ ಜಾಗದಲ್ಲಿ ಇದೆ. ಒಟ್ಟು ತೂಕಕ್ಕೆ, ಇಂಥ ಎರಡು ಸೀಟಿನ ಅಲ್ಟ್ರಾಲೈಟ್‌ಗಳಿಗೆ ಯುರೋಪಿನಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ 450 ಕೆಜಿಯ ಮಿತಿ ಹಿಡಿಯೋಣ.

ತೂಗುವ ದಿನ ಶೆಡ್ಡಿನ ಬಾಗಿಲು ಮುಚ್ಚಬೇಕು. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನ ಆಗುತ್ತಲೇ ಕಡಲಗಾಳಿ ಏಳುತ್ತದೆ. ತೆರೆದ ಜಾಗದಲ್ಲಿ ಆ ಗಾಳಿ ರೆಕ್ಕೆಯನ್ನು ತುಸು ಎತ್ತಿದರೂ ತಕ್ಕಡಿ ಸುಳ್ಳು ಹೇಳುತ್ತದೆ. ಬೆಳಗ್ಗಿನ ಹೊತ್ತು ಒಳ್ಳೆಯದು. ಮೂರು ಚಕ್ರಕ್ಕೆ ಮೂರು ತಕ್ಕಡಿ, ಮೂರರ ಎತ್ತರವೂ ಒಂದೇ ಇರಬೇಕು. ವಿಮಾನ ಹಾರುವಾಗ ಯಾವ ಭಂಗಿಯಲ್ಲಿರುತ್ತದೆಯೋ ಅದೇ ಭಂಗಿಯಲ್ಲಿ ನಿಲ್ಲಬೇಕು. ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಚಕ್ರದಡಿ ಹಲಗೆ ಕೊಟ್ಟು ಸರಿಮಾಡಬೇಕು. ಬಾಲಚಕ್ರದ ವಿಮಾನವಾದರೆ ಬಾಲವನ್ನು ಸ್ಟೂಲಿನ ಮೇಲೆ ಎತ್ತಿ ನಿಲ್ಲಿಸಬೇಕು, ಆ ಸ್ಟೂಲಿನ ತೂಕ ಕಳೆಯಲು ಮರೆಯಬಾರದು. ಬ್ರೇಕ್ ಹಿಡಿದಿರಬಾರದು. ಚಕ್ರಗಳು ಅಗಲಕ್ಕೆ ಸರಿಯಲು ಹೋಗಿ ತಕ್ಕಡಿಯ ಮೇಲೆ ಅಡ್ಡ ಒತ್ತಡ ಬೀಳದಂತೆ ಟಯರಿನಡಿ ಗ್ರೀಸ್ ಸವರಿದ ಎರಡು ತಗಡು ಇಡುವುದುಂಟು. ಟ್ಯಾಂಕಿನಲ್ಲಿ ಬಳಸಲಾಗದೆ ಉಳಿಯುವಷ್ಟೇ ಇಂಧನ, ಎಂಜಿನಿನಲ್ಲಿ ಪೂರ್ತಿ ಆಯಿಲ್. ಒಳಗೆ ಏನೇನು ಜೋಡಿಸಿದೆ ಎಂಬ ಪಟ್ಟಿ ಕೈಯಲ್ಲಿ. ಬೆಂಚಿನ ಮೇಲೆ ಮರೆತ ಹೆಡ್‌ಸೆಟ್, ಸೀಟಿನಡಿ ಬಿಟ್ಟ ಸ್ಪಾನರ್ ಎರಡೂ ಲೆಕ್ಕ ಕೆಡಿಸುತ್ತವೆ.

ಚಕ್ರದ ನಡುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಸೀಮೆಸುಣ್ಣದ ಗುರುತು, ಮೂಗಿನ ತುದಿಯಿಂದ ಇನ್ನೊಂದು ಗುರುತು, ನಡುವೆ ಟೇಪು. ನಮ್ಮ ಬಡಗಿಗಳಿಗೂ ಗಾರೆಯವರಿಗೂ ಈ ಕೆಲಸ ಹೊಸತಲ್ಲ, ಅವರಷ್ಟು ನಿಖರವಾಗಿ ಎಂಜಿನಿಯರಿಂಗ್ ಓದಿದವರೂ ಮಾಡಲಿಕ್ಕಿಲ್ಲ.

ನಮ್ಮ ಉದಾಹರಣೆಯ ವಿಮಾನದಲ್ಲಿ ಮುಂದಿನ ಚಕ್ರ 58 ಕೆಜಿ, ಎಡಗಡೆ 104, ಬಲಗಡೆ 106 ತೋರಿಸಿದವು. ಒಟ್ಟು 268 ಕೆಜಿ. 58 ಇಂಟು 700 ಅಂದರೆ 40,600. ಹಿಂದಿನ 210 ಕೆಜಿಯನ್ನು 2,300ರಿಂದ ಗುಣಿಸಿದರೆ 4,83,000. ಕೂಡಿಸಿದರೆ 5,23,600. ಇದನ್ನು 268ರಿಂದ ಭಾಗಿಸಿದರೆ ಖಾಲಿ ವಿಮಾನದ ಸಿ.ಜಿ. 1,954 ಮಿಮೀ. ಮಿತಿಗಿಂತ ಇದು ಮುಂದಿದೆ, ಆದರೆ ಖಾಲಿ ವಿಮಾನ ಹಾರುವುದಿಲ್ಲವಾದ್ದರಿಂದ ಗಾಬರಿ ಬೇಡ.

ಸೀಟುಗಳು 2,050 ಮಿಮೀಯಲ್ಲಿವೆ, ಇಂಧನದ ಟ್ಯಾಂಕ್ ಸೀಟಿನ ಹಿಂದೆ 2,550ರಲ್ಲಿದೆ. 75 ಕೆಜಿಯ ಪೈಲಟ್, 70 ಕೆಜಿಯ ಜೊತೆಗಾರ, 50 ಲೀಟರ್ ಪೆಟ್ರೋಲ್. ಪೆಟ್ರೋಲ್ ಲೀಟರಿಗೆ ಸುಮಾರು 0.72 ಕೆಜಿಯಂತೆ 36 ಕೆಜಿ. ಒಟ್ಟು ತೂಕ 449 ಕೆಜಿ, ಸಿ.ಜಿ. 2,033 ಮಿಮೀ. ಸಮತೋಲನ ಸರಿಯಿದೆ. ತೂಕದಲ್ಲಿ ಮಾತ್ರ ಉಳಿದದ್ದು ಒಂದೇ ಒಂದು ಕೆಜಿ. ಇನ್ನು ಚೀಲ ಹೇರುವಂತಿಲ್ಲ. ಜೊತೆಗಾರ 85 ಕೆಜಿಯವರಾದರೆ ಇಂಧನ ಇಳಿಸಬೇಕು, ಇಲ್ಲವೇ ಅವರನ್ನು ಬಿಟ್ಟು ಹೋಗಬೇಕು. ದೊಡ್ಡ ವಿಮಾನದಲ್ಲಿ ನೂರೈವತ್ತು ಜನರ ನಡುವೆ ಒಬ್ಬರು ದಪ್ಪ, ಒಬ್ಬರು ತೆಳು ಎಂದು ಸರಾಸರಿ ಹಿಡಿದರೆ ನಡೆದೀತು. ಎರಡು ಸೀಟಿನಲ್ಲಿ ಸರಾಸರಿ ಎಂಬುದೇ ಇಲ್ಲ, ಪ್ರತಿಯೊಬ್ಬರನ್ನೂ ಬಟ್ಟೆ, ಚಪ್ಪಲಿ ಸಹಿತ ತೂಗಬೇಕು.

ಮುಂದಿನ ಲೆಕ್ಕವನ್ನು ಬಹಳ ಮಂದಿ ಮಾಡುವುದೇ ಇಲ್ಲ. ಅದೇ 75 ಕೆಜಿಯ ಪೈಲಟ್ ಒಬ್ಬರೇ ಪೂರ್ತಿ ಇಂಧನದೊಡನೆ ಹೊರಟರು ಎನ್ನಿ. ಒಟ್ಟು 379 ಕೆಜಿ, ಸಿ.ಜಿ. 2,029 ಮಿಮೀ, ಯಾವ ತೊಂದರೆಯೂ ಇಲ್ಲ. ಟ್ಯಾಂಕ್ ಇರುವುದು ಹಿಂದೆ. ಹಾರುತ್ತಾ ಪೆಟ್ರೋಲ್ ಖರ್ಚಾದ ಹಾಗೆಲ್ಲ ವಿಮಾನದ ಹಿಂಬದಿ ಹಗುರವಾಗುತ್ತದೆ, ಸಿ.ಜಿ. ಮುಂದಕ್ಕೆ ಸರಿಯುತ್ತದೆ. ಇಳಿಯುವ ಹೊತ್ತಿಗೆ 3 ಕೆಜಿ ಇಂಧನ ಉಳಿದಿದ್ದರೆ ಒಟ್ಟು 346 ಕೆಜಿ, ಸಿ.ಜಿ. 1,979.8 ಮಿಮೀ. ಮುಂದಿನ ಮಿತಿ 1,980. ಹೊರಡುವಾಗ ಸರಿಯಿದ್ದ ವಿಮಾನ ಇಳಿಯುವಾಗ ಮಿತಿಯ ಆಚೆ ಹೋಗಿದೆ. ಇಳಿಯುವಾಗಲೇ ಮೂಗು ಎತ್ತಬೇಕಾದದ್ದು, ಅದನ್ನು ಎತ್ತುವ ಬಾಲದ ಎಲಿವೇಟರಿಗೆ ನಿಧಾನ ವೇಗದಲ್ಲಿ ಶಕ್ತಿ ಕಡಿಮೆಯಾಗುವುದೂ ಆಗಲೇ. ಅದಕ್ಕೇ ಒಂದು ವಿಮಾನಕ್ಕೆ ಒಂದು ಲೆಕ್ಕ ಸಾಲದು. ಅತಿ ಮುಂದಿನ, ಅತಿ ಹಿಂದಿನ, ಅತಿ ಭಾರದ ಸಂದರ್ಭಗಳನ್ನೆಲ್ಲ ಹುಡುಕಿ ಹುಡುಕಿ ಲೆಕ್ಕ ಹಾಕಬೇಕು, ಪ್ರತಿಯೊಂದಕ್ಕೂ ಹೊರಡುವ ಹೊತ್ತು, ಇಳಿಯುವ ಹೊತ್ತು ಎಂದು ಎರಡೆರಡು ಸಲ.

ಇಳಿಯುವಾಗಿನ ಆ ತೊಂದರೆಗೆ ಪರಿಹಾರ ಇದೆ. ಎಂಜಿನ್ ಗೋಡೆಯ ಹತ್ತಿರ 1,000 ಮಿಮೀಯಲ್ಲಿದ್ದ 6 ಕೆಜಿಯ ಬ್ಯಾಟರಿಯನ್ನು ಸೀಟಿನ ಹಿಂದೆ 2,800ಕ್ಕೆ ಒಯ್ದರೆ ತೂಕ ಏನೂ ಹೆಚ್ಚದೆ ಸಿ.ಜಿ. 31 ಮಿಮೀ ಹಿಂದಕ್ಕೆ ಬಂದು 2,011ರಲ್ಲಿ ನಿಲ್ಲುತ್ತದೆ. ಸೀಸದ ತುಂಡು ಕಟ್ಟುವುದಕ್ಕಿಂತ ಇರುವ ಸಾಮಾನನ್ನೇ ಸರಿಸುವುದು ಜಾಣತನ. ಅನುಭವಿಗಳು ಬ್ಯಾಟರಿಯ ಜಾಗವನ್ನು ಕೊನೆಯವರೆಗೂ ನಿಗದಿಮಾಡದೆ ಬಿಡುವುದು ಈ ಕಾರಣಕ್ಕೇ. ಬೇರೆ ದಾರಿ ಇಲ್ಲದಾಗ ತೂಕ ಕಟ್ಟಿದವರೂ ಇದ್ದಾರೆ. ರೈಟ್ ಸಹೋದರರ 1904ರ ವಿಮಾನ ಏರಿಳಿಯುತ್ತಾ ಹಾರುತ್ತಿತ್ತು. ಭಾರವನ್ನು ಹಿಂದಕ್ಕೆ ಸರಿಸಿದರು, ಪಾಡು ಇನ್ನೂ ಕೆಟ್ಟಿತು. ಕೊನೆಗೆ ಮೂಗಿನಲ್ಲಿ ಸುಮಾರು 32 ಕೆಜಿ ಕಬ್ಬಿಣ ಕಟ್ಟಿದ ಮೇಲೆ ಸುಧಾರಿಸಿತು.

ರೈಟರ ಅನುಭವದಲ್ಲೇ ಈ ವಿಷಯದ ಅತಿ ಮುಖ್ಯ ಎಚ್ಚರಿಕೆ ಇದೆ. ಸಿ.ಜಿ. ಮುಂದಿನ ಮಿತಿ ದಾಟಿದರೆ ವಿಮಾನ ಮೊಂಡಾಗುತ್ತದೆ. ಮೂಗು ಏಳಲು ಒಪ್ಪುವುದಿಲ್ಲ, ಓಟದ ದೂರ ಹೆಚ್ಚುತ್ತದೆ, ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ವೇಗವೂ ಏರುತ್ತದೆ. ಇದೆಲ್ಲ ಪೈಲಟ್‌ಗೆ ಕೈಯಲ್ಲೇ ತಿಳಿಯುತ್ತದೆ, ಹೆಚ್ಚಾಗಿ ನೆಲ ಬಿಡುವ ಮೊದಲೇ. ಹಿಂದಿನ ಮಿತಿ ದಾಟಿದರೆ ಹಾಗಲ್ಲ. ಮೊದಮೊದಲು ಹಿಡಿಕೆ ಹಗುರವೆನಿಸುತ್ತದೆ, ವಿಮಾನ ಚುರುಕಾಗಿದೆ ಎಂದು ಖುಷಿಯೂ ಆಗಬಹುದು. ಸಿ.ಜಿ. ಇನ್ನೂ ಹಿಂದೆ ಹೋಗಿ ನ್ಯೂಟ್ರಲ್ ಪಾಯಿಂಟ್ ಎಂಬ ಗಡಿಯನ್ನು ಮೀರಿದರೆ, ಮೂಗು ಒಮ್ಮೆ ಎದ್ದರೆ ತಾನಾಗಿ ಇಳಿಯುವುದಿಲ್ಲ, ಏಳುತ್ತಲೇ ಹೋಗುತ್ತದೆ. ಸ್ಟಾಲ್, ಅದರಿಂದ ಸ್ಪಿನ್ ಎಂಬ ಗಿರಕಿ, ಅದರಿಂದ ಹೊರಬರಲು ಎಲಿವೇಟರಿನಲ್ಲಿ ಶಕ್ತಿ ಇಲ್ಲ. 2003ರ ಜನವರಿ 8ರಂದು ಅಮೆರಿಕದ ಶಾರ್ಲೆಟ್‌ನಲ್ಲಿ ಏರ್ ಮಿಡ್‌ವೆಸ್ಟ್‌ನ ಬೀಚ್ 1900 ವಿಮಾನ ಏರಿದ ಕೂಡಲೇ ಮೂಗೆತ್ತಿ ಬಿದ್ದು 21 ಜನರೂ ತೀರಿಕೊಂಡರು. ಎಲಿವೇಟರಿನ ಕೇಬಲ್ ತಪ್ಪಾಗಿ ಜೋಡಿಸಿದ್ದರಿಂದ ಮೂಗು ಇಳಿಸುವ ಶಕ್ತಿ ಮೊದಲೇ ಕುಂದಿತ್ತು. ಸರಾಸರಿ ತೂಕದ ಲೆಕ್ಕದಲ್ಲಿ ಸರಿಯೆಂದು ಕಂಡ ವಿಮಾನ ನಿಜದಲ್ಲಿ ಹಿಂಭಾರವಾಗಿತ್ತು. ಎರಡೂ ಸೇರಿ ಪ್ರಾಣ ತೆಗೆದವು. ಆಮೇಲೆ ಅಲ್ಲಿ ಪ್ರಯಾಣಿಕರ ಸರಾಸರಿ ತೂಕವನ್ನೇ ಪರಿಷ್ಕರಿಸಿದರು.

ಬಾಲದ ವಿಷಯದಲ್ಲಿ ಜಿಪುಣರಾಗಬೇಕು ಎನ್ನುವುದು ಇದೇ ಕಾರಣಕ್ಕೆ. ನಮ್ಮ ವಿಮಾನದ ಬಾಲ 5,600 ಮಿಮೀ ದೂರದಲ್ಲಿದೆ ಎನ್ನೋಣ. ಅಂದಕ್ಕಾಗಿ ಅಲ್ಲಿ 2 ಕೆಜಿ ಬಣ್ಣ, ಪುಟ್ಟಿ ಹಚ್ಚಿದರೆ ಖಾಲಿ ವಿಮಾನದ ಸಿ.ಜಿ. 27 ಮಿಮೀ ಹಿಂದೆ ಸರಿಯುತ್ತದೆ. ಇಬ್ಬರು ಕೂತು ಟ್ಯಾಂಕ್ ತುಂಬಿಸಿದರೆ ಒಟ್ಟು ತೂಕ 451 ಕೆಜಿ ಆಗಿ ಮಿತಿ ಮೀರುತ್ತದೆ. ಬಣ್ಣ ಬಳಿದ ಮೇಲೆಯೇ ಕೊನೆಯ ತೂಕ ಮಾಡಬೇಕು. ಬಣ್ಣಕ್ಕೆ ಮೊದಲು ತೂಗಿದ ಹಾಳೆಗೆ ಬೆಲೆಯಿಲ್ಲ.

ಇನ್ನು ತಕ್ಕಡಿಯ ಪ್ರಶ್ನೆ. ವಿಮಾನದವರು ಬಳಸುವ ಲೋಡ್ ಸೆಲ್‌ಗಳು ದುಬಾರಿ. ಮೇಲಿನ ವಿಮಾನದ ಯಾವ ಚಕ್ರದ ಮೇಲೂ 110 ಕೆಜಿ ದಾಟಲಿಲ್ಲವಾದ್ದರಿಂದ ಮೂರು ಸಾಧಾರಣ ತಕ್ಕಡಿಗಳೂ ಆದೀತು ಎಂದು ವಾದಿಸುವವರಿದ್ದಾರೆ. ಅಡಕೆ ಅಂಗಡಿಗಳಲ್ಲಿ ಇರುವಂಥ, ಲೀಗಲ್ ಮೆಟ್ರಾಲಜಿ ಇಲಾಖೆಯ ಮುದ್ರೆಯಿರುವ ಎಲೆಕ್ಟ್ರಾನಿಕ್ ತಕ್ಕಡಿ ಸಿಕ್ಕಿದರೆ ಅದೇ ವಾಸಿ ಎಂದು ನನಗೆ ತೋರುತ್ತದೆ. ಏನೇ ಇರಲಿ, ಗೊತ್ತಿರುವ ತೂಕ ಇಟ್ಟು ಪರೀಕ್ಷಿಸಿಯೇ ಬಳಸಬೇಕು. ಆದರೆ ಜನ ತಕ್ಕಡಿಗೆ ಕೊಡುವ ಗಮನವನ್ನು ಟೇಪಿಗೆ ಕೊಡುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಮುಂದಿನ ಚಕ್ರದ ತಕ್ಕಡಿ 1 ಕೆಜಿ ಹೆಚ್ಚು ತೋರಿಸಿದರೆ ಸಿ.ಜಿ. ತಪ್ಪುವುದು 5 ಮಿಮೀಯಷ್ಟು. ಹಿಂದಿನ ಚಕ್ರಗಳ ದೂರವನ್ನು 10 ಮಿಮೀ ತಪ್ಪಾಗಿ ಅಳೆದರೆ ತಪ್ಪುವುದು 8 ಮಿಮೀ. ಟೇಪಿನ ತಪ್ಪು ತಕ್ಕಡಿಯ ತಪ್ಪಿಗಿಂತ ದೊಡ್ಡದು. ಫೋನಿನ ಆ್ಯಪ್, ಕಂಪ್ಯೂಟರಿನ ಕೋಷ್ಟಕಗಳು ಗುಣಾಕಾರ ಸುಲಭ ಮಾಡುತ್ತವೆ. ತಪ್ಪಾಗಿ ಅಳೆದ ಸಂಖ್ಯೆಯನ್ನು ಅವು ತಿದ್ದಲಾರವು. ಒಮ್ಮೆಯಾದರೂ ಕಾಗದದಲ್ಲಿ ಕೈಯಾರೆ ಮಾಡಿದವರಿಗೆ ಮಾತ್ರ ಯಾವ ಸಂಖ್ಯೆ ಅಸಹಜ ಎಂಬುದು ಕಣ್ಣಿಗೆ ಬೀಳುತ್ತದೆ.

ಕಾಸರಗೋಡಿನಲ್ಲಿ ಕಟ್ಟುವವರಿಗೆ ಹವೆಯೂ ಒಂದು ಲೆಕ್ಕ. ವರ್ಷಕ್ಕೆ ಸುಮಾರು 3,500 ಮಿಮೀ ಮಳೆ ಬೀಳುವ ಊರು ಇದು. ಮರದ ರೆಕ್ಕೆಯ ವಿಮಾನವಾದರೆ ಬೇಸಗೆಯ ತೂಕವೇ ಬೇರೆ, ಮಳೆಗಾಲದ ಆಟಿ ತಿಂಗಳ ತೂಕವೇ ಬೇರೆ. 60 ಕೆಜಿ ಮರದಲ್ಲಿ ತೇವಾಂಶ ಶೇಕಡಾ 5 ಏರಿದರೆ 3 ಕೆಜಿ ಸುಮ್ಮನೆ ಬಂದು ಸೇರಿತು. ಸೆಖೆಯೂ ಹಾಗೆಯೇ. 33 ಡಿಗ್ರಿ ಇರುವಾಗ ಕಡಲ ಮಟ್ಟದ ಗಾಳಿಯೂ ಸುಮಾರು 650 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿ ವರ್ತಿಸುತ್ತದೆ. ಹೊರದೇಶದ ಕಿಟ್ಟಿನ ಪುಸ್ತಕದಲ್ಲಿ 15 ಡಿಗ್ರಿಗೆ ಬರೆದ ಓಟದ ದೂರ ಇಲ್ಲಿ ಸಾಲದು, ಒಂದೊಂದು ಕೆಜಿ ಹೆಚ್ಚುವರಿ ತೂಕವೂ ಇಲ್ಲಿ ಹೆಚ್ಚು ಚುಚ್ಚುತ್ತದೆ. ಬೆಂಗಳೂರಿನ ಜಕ್ಕೂರಿನಂಥ, ಕಡಲ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಜಾಗದಲ್ಲಿ ಹಾರುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಲೆಕ್ಕ ಸರಿಯಾದ ಮೇಲೂ ಪರೀಕ್ಷಾ ಹಾರಾಟ ಮಿತಿಯ ಅಂಚಿನಿಂದ ಶುರುವಾಗಬಾರದು. ಮೊದಲು ಒಬ್ಬರೇ, ಮಿತಿಯ ಮುಂದಿನ ಅರ್ಧಭಾಗದಲ್ಲಿ. ಆಮೇಲೆ ಮರಳಿನ ಚೀಲಗಳನ್ನು ಬಿಗಿಯಾಗಿ ಕಟ್ಟಿ ಸಿ.ಜಿ.ಯನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಒಯ್ಯುತ್ತಾ ನೋಡಬೇಕು. ಅಮೆರಿಕದಲ್ಲಿ ಹವ್ಯಾಸಿಗಳ ವಿಮಾನಕ್ಕೆ ಸಾಮಾನ್ಯವಾಗಿ 25ರಿಂದ 40 ಗಂಟೆಗಳ ಇಂಥ ಪರೀಕ್ಷೆಯ ಅವಧಿ ಇದೆ, ಆ ಅವಧಿಯಲ್ಲಿ ಮೋಜಿಗೆಂದು ಪ್ರಯಾಣಿಕರನ್ನು ಕೂರಿಸುವಂತಿಲ್ಲ. ರೇಡಿಯೋ ಬದಲಿಸಿದರೆ, ಪ್ರೊಪೆಲ್ಲರ್ ಬದಲಿಸಿದರೆ, ಸೀಟಿಗೆ ದಪ್ಪ ಮೆತ್ತೆ ಹಾಕಿದರೂ ಹಾಳೆ ಹೊಸದಾಗಿ ಬರೆದು ದಿನಾಂಕ ಹಾಕಬೇಕು. ಹಳೆಯ ಹಾಳೆಯನ್ನು ಅಡ್ಡಗೀಟು ಎಳೆದು ಇಟ್ಟುಕೊಳ್ಳಬೇಕು, ಹರಿದು ಬಿಸಾಡಬಾರದು.

ಕಟ್ಟಿದ್ದನ್ನು ಹಾರಿಸುವ ಪ್ರಶ್ನೆ ಬೇರೆಯೇ. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಮತ್ತು ಅನುಮತಿ ಇಲ್ಲದೆ ಯಾವ ಸ್ವಂತ ವಿಮಾನವೂ ನೆಲ ಬಿಡುವಂತಿಲ್ಲ. 2025ರ ಜನವರಿ 1ರಿಂದ 1934ರ ಹಳೆಯ ಕಾಯಿದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಪೆರಿಯದಲ್ಲಿ ಕಿರು ನಿಲ್ದಾಣದ ಪ್ರಸ್ತಾಪ ವರ್ಷಗಳಿಂದ ಕೇಳಿಬರುತ್ತಿದೆ. ದಕ್ಷಿಣಕ್ಕೆ ಏಳಿಮಲೆಯಲ್ಲಿ ನೌಕಾ ಅಕಾಡೆಮಿ ಇದೆ, ಅದರ ಸುತ್ತ ಮನಸ್ಸು ಬಂದಂತೆ ಹಾರುವಂತಿಲ್ಲ. ಹಾಗಾಗಿ ತೋಟದ ಬದಿಯ ಗದ್ದೆಯಿಂದ ಹಾರುತ್ತೇನೆ ಎಂದು ಯಾರಾದರೂ ಹೊರಟರೆ ಅವರನ್ನು ಹೊಗಳುವ ಬದಲು ತಡೆಯಬೇಕು.

ಹಾಗೆಂದು ಈ ಜಿಲ್ಲೆಯಲ್ಲಿ ಈ ವಿದ್ಯೆಗೆ ಜಾಗವಿಲ್ಲ ಎಂದಲ್ಲ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಸೀತಾಂಗೋಳಿಯಲ್ಲಿ ಎಚ್‌ಎಎಲ್‌ನ ಕಾರ್ಖಾನೆ 2012ರಿಂದ ಇದೆ. ವಿಮಾನದೊಳಗಿನ ಕಂಪ್ಯೂಟರುಗಳು ಅಲ್ಲಿ ತಯಾರಾಗುತ್ತವೆ. ಪೊವ್ವಲಿನಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ. ರೇಡಿಯೋ ನಿಯಂತ್ರಿತ ಮಾದರಿ ವಿಮಾನಕ್ಕೂ ತೋಟಕ್ಕೆ ಔಷಧಿ ಬಿಡುವ ಡ್ರೋನಿಗೂ ಮೇಲೆ ಹೇಳಿದ ಗುಣಾಕಾರ, ಭಾಗಾಕಾರವೇ ಸಾಕು. ಒಂದು ಮೀಟರ್ ಉದ್ದದ ಥರ್ಮೋಕೋಲ್ ವಿಮಾನವನ್ನು ಎರಡು ಅಡುಗೆಮನೆ ತಕ್ಕಡಿಗಳ ಮೇಲೆ ನಿಲ್ಲಿಸಿ ಒಂಬತ್ತನೆಯ ತರಗತಿಯ ಮಕ್ಕಳು ಒಂದು ಪೀರಿಯಡ್‌ನಲ್ಲಿ ಸಿ.ಜಿ. ಕಂಡುಹಿಡಿಯಬಲ್ಲರು. ಬ್ಯಾಟರಿಯನ್ನು ಎರಡು ಬೆರಳಷ್ಟು ಹಿಂದೆ ಸರಿಸಿ ಹಾರಿಸಿದರೆ ಏನಾಗುತ್ತದೆ ಎಂಬುದನ್ನು ಅಂಗಳದಲ್ಲೇ ನೋಡಬಹುದು, ಯಾರಿಗೂ ನೋವಾಗುವುದಿಲ್ಲ.

ಈ ಲೆಕ್ಕ ಕಲಿಸಲು ಬೇಕಾದ ಪುಸ್ತಕ ಈಗಾಗಲೇ ಇದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೊರತಂದ ತೂಕ-ಸಮತೋಲನದ ಕೈಪಿಡಿ ಯಾರಿಗೂ ಉಚಿತವಾಗಿ ಸಿಗುತ್ತದೆ. ಅದು ಅಲ್ಲಿನ ಸರಕಾರದ ಪ್ರಕಟಣೆಯಾದ್ದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲದೆ ಕನ್ನಡಕ್ಕೆ ತರಬಹುದು. ಎಚ್‌ಎಎಲ್, ಎನ್‌ಎಎಲ್‌ಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಒಬ್ಬರಿಬ್ಬರು ಆ ಕೈಪಿಡಿಯ ಮೊದಲ ಕೆಲವು ಅಧ್ಯಾಯಗಳನ್ನಾದರೂ ಮೆಟ್ರಿಕ್ ಅಳತೆಗಳಿಗೆ ಬದಲಿಸಿ ಕನ್ನಡದಲ್ಲಿ ಬರೆದುಕೊಡಲಿ. ನಮ್ಮ ಕನ್ನಡ ಮಾಧ್ಯಮದ ವಿಜ್ಞಾನ ಶಿಕ್ಷಕರು ಅದನ್ನು ತರಗತಿಗೆ ಒಯ್ಯಲಿ.